ನಕ್ಷೆಯ ಮೇಲಿನ ಬೆಟ್ಟಸಾಲು: ಅಲಾಸ್ಕಾ ಗಡಿವಿವಾದ ಮತ್ತು ಕೆನಡಕ್ಕೆ ದಕ್ಕದ ಬಂದರು

ಉತ್ತರ ಅಮೆರಿಕದ ಭೂಪಟವನ್ನು ಬಿಡಿಸಿ ನೋಡಿದರೆ ಅಲಾಸ್ಕಾದ ಆಗ್ನೇಯ ಮೂಲೆಯಿಂದ ಬಾಲದಂತೆ ಒಂದು ಪಟ್ಟಿ ಕೆಳಗಿಳಿದಿರುವುದು ಕಾಣುತ್ತದೆ. ಸುಮಾರು 800 ಕಿ.ಮೀ. ಉದ್ದದ ಈ ಕರಾವಳಿ ಪಟ್ಟಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದ್ದು. ಅದರ ಬೆನ್ನಿಗಿರುವ ವಿಶಾಲ ಒಳನಾಡು ಕೆನಡದ್ದು. ಹೀಗಾಗಿ ಬ್ರಿಟಿಷ್ ಕೊಲಂಬಿಯದ ಉತ್ತರ ಭಾಗಕ್ಕೂ ಯೂಕಾನ್ ಪ್ರದೇಶಕ್ಕೂ ಪೆಸಿಫಿಕ್ ಸಾಗರ ಹತ್ತಿರವಿದ್ದೂ ಎಟುಕದಂತಾಗಿದೆ. ಈ ಗಡಿ 1903ರಲ್ಲಿ ಲಂಡನ್ನಿನಲ್ಲಿ ತೀರ್ಮಾನವಾಯಿತು. ಇದಕ್ಕೆ ಕಾರಣ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ರ ದಬ್ಬಾಳಿಕೆ ಎಂದು ಕೆಲವರೂ, ಬ್ರಿಟನ್ ಕೆನಡವನ್ನು ಬಲಿಗೊಟ್ಟಿತು ಎಂದು ಕೆಲವರೂ ಬರೆದಿದ್ದಾರೆ. ಎರಡು ಮಾತಿನಲ್ಲೂ ಸತ್ಯಾಂಶವಿದೆ. ಆದರೆ ವಿವಾದದ ಬೇರು ಇರುವುದು ಭೂಮಾಪನದಲ್ಲಿ. ಯಾರೂ ಅಳೆಯದ ನೆಲಕ್ಕೆ, ನಕ್ಷೆಗಾರನ ಲೇಖನಿ ಎಳೆದ ಬೆಟ್ಟಸಾಲನ್ನು ನಂಬಿ, ರಾಜತಂತ್ರಜ್ಞರು ಗಡಿ ಬರೆದರು. ಎಪ್ಪತ್ತು ವರ್ಷಗಳ ನಂತರ ಅಲ್ಲೊಂದು ಬಂದರು ಬೇಕಾದಾಗ ಆ ಬೆಟ್ಟಗಳನ್ನು ಹುಡುಕಬೇಕಾಗಿ ಬಂತು.

ಒಪ್ಪಂದದ ಮಾತು

ಅಲಾಸ್ಕಾ ಮೊದಲು ರಷ್ಯದ ವಸಾಹತು. ತುಪ್ಪುಳಿನ ವ್ಯಾಪಾರಕ್ಕಾಗಿ 1799ರಲ್ಲಿ ಸ್ಥಾಪಿತವಾದ ರಷ್ಯನ್-ಅಮೆರಿಕನ್ ಕಂಪನಿ ಅದನ್ನು ಆಳುತ್ತಿತ್ತು. 1821ರಲ್ಲಿ ಒಂದನೆಯ ಅಲೆಕ್ಸಾಂಡರ್ ಚಕ್ರವರ್ತಿ 51 ಡಿಗ್ರಿ ಉತ್ತರ ಅಕ್ಷಾಂಶದವರೆಗಿನ ಕರಾವಳಿ ತನ್ನದೆಂದು ಘೋಷಿಸಿ, ಪರದೇಶದ ಹಡಗುಗಳು ಹತ್ತಿರ ಸುಳಿಯಕೂಡದೆಂದು ಅಪ್ಪಣೆ ಹೊರಡಿಸಿದ. ಬ್ರಿಟನ್ನೂ ಅಮೆರಿಕವೂ ಪ್ರತಿಭಟಿಸಿದವು. 1824ರಲ್ಲಿ ಅಮೆರಿಕದೊಡನೆ, 1825ರ ಫೆಬ್ರುವರಿಯಲ್ಲಿ ಬ್ರಿಟನ್ನಿನೊಡನೆ ರಷ್ಯ ಒಪ್ಪಂದ ಮಾಡಿಕೊಂಡಿತು. ಎರಡನೆಯದರ ಮಾತುಕತೆ ನಡೆಸಿದವರು ಬ್ರಿಟನ್ನಿನ ಸ್ಟ್ರಾಟ್‌ಫರ್ಡ್ ಕ್ಯಾನಿಂಗ್ ಮತ್ತು ರಷ್ಯದ ನೆಸೆಲ್‌ರೋಡ್, ಪೊಲೆಟಿಕ.

ಫ್ರೆಂಚ್ ಭಾಷೆಯಲ್ಲಿದ್ದ ಈ ಒಪ್ಪಂದದ ಸಾರ ಹೀಗಿದೆ. ಗಡಿಯು ಪ್ರಿನ್ಸ್ ಆಫ್ ವೇಲ್ಸ್ ದ್ವೀಪದ ದಕ್ಷಿಣ ತುದಿಯಿಂದ, ಅಂದರೆ 54 ಡಿಗ್ರಿ 40 ಮಿನಿಟು ಅಕ್ಷಾಂಶದಿಂದ ಹೊರಟು, ಪೋರ್ಟ್‌ಲೆಂಡ್ ಚಾನೆಲ್ ಎಂಬ ಕಡಲ ತೋಳಿನುದ್ದಕ್ಕೂ 56ನೆಯ ಅಕ್ಷಾಂಶದವರೆಗೆ ಸಾಗುತ್ತದೆ. ಅಲ್ಲಿಂದ ಕರಾವಳಿಗೆ ಸಮಾಂತರವಾಗಿರುವ ಬೆಟ್ಟಗಳ ನೆತ್ತಿಯನ್ನು ಅನುಸರಿಸಿ 141 ಡಿಗ್ರಿ ಪಶ್ಚಿಮ ರೇಖಾಂಶವನ್ನು ಸೇರಿ, ಆ ರೇಖಾಂಶದ ಮೇಲೆಯೇ ಉತ್ತರಕ್ಕೆ ಹೆಪ್ಪುಗಟ್ಟಿದ ಸಾಗರದವರೆಗೆ ಹೋಗುತ್ತದೆ. ಬೆಟ್ಟಗಳ ನೆತ್ತಿಯು ಸಾಗರದಿಂದ 10 ಮರೈನ್ ಲೀಗಿಗಿಂತ ದೂರವಿದ್ದ ಕಡೆ ಗಡಿಯು ಕರಾವಳಿಯ ಅಂಕುಡೊಂಕುಗಳಿಗೆ ಸಮಾಂತರವಾಗಿರಬೇಕು, ಆ ದೂರವನ್ನು ಮೀರಬಾರದು. ಒಂದು ಮರೈನ್ ಲೀಗ್ ಎಂದರೆ 3 ನಾಟಿಕಲ್ ಮೈಲಿ. ಆದ್ದರಿಂದ 10 ಲೀಗ್ ಎಂದರೆ ಸುಮಾರು 55.6 ಕಿ.ಮೀ.

ಈ ಗಡಿಯಲ್ಲಿ ಎರಡು ಜಾತಿಯ ರೇಖೆಗಳಿರುವುದನ್ನು ಗಮನಿಸಬೇಕು. 141ನೆಯ ರೇಖಾಂಶ ಗಣಿತದ ರೇಖೆ. ಅದು ಎಲ್ಲಿದೆಯೆಂದು ಯಾವ ದೇಶದ ಖಗೋಳಜ್ಞ ಅಳೆದರೂ ಉತ್ತರ ಒಂದೇ. 1887-88ರ ಚಳಿಗಾಲದಲ್ಲಿ ಕೆನಡದ ಭೂಮಾಪಕ ವಿಲಿಯಂ ಒಗಿಲ್ವಿ ಯೂಕಾನ್ ನದಿಯ ದಂಡೆಯಲ್ಲಿ ಬೀಡುಬಿಟ್ಟು, ಚಂದ್ರನ ಚಲನೆಯನ್ನು ಅವಲೋಕಿಸಿ ಆ ರೇಖೆಯನ್ನು ಗುರುತಿಸಿದ. ಅದರ ಬಗ್ಗೆ ದೊಡ್ಡ ಜಗಳವೇನೂ ಏಳಲಿಲ್ಲ. ಬೆಟ್ಟದ ನೆತ್ತಿಯ ರೇಖೆ ಹಾಗಲ್ಲ. ಅದಕ್ಕೆ ಮೊದಲು ಬೆಟ್ಟ ಇರಬೇಕು, ಅದು ಸಾಲಾಗಿರಬೇಕು, ಆ ಸಾಲು ಕರಾವಳಿಗೆ ಸಮಾಂತರವಾಗಿರಬೇಕು.

ಇವೆಲ್ಲ ಇದ್ದೇ ಇವೆಯೆಂದು 1825ರ ಸಂಧಾನಕಾರರು ನಂಬಲು ಆಧಾರ, ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರನ ನಕ್ಷೆ. 1792ರಿಂದ 1794ರವರೆಗೆ ಆತನೂ ಆತನ ಸಂಗಡಿಗರೂ ಚಿಕ್ಕ ದೋಣಿಗಳಲ್ಲಿ ಹುಟ್ಟುಹಾಕುತ್ತ ಈ ತೀರದ ಒಂದೊಂದು ಖಾರಿಯನ್ನೂ ಹೊಕ್ಕು ಅಳೆದರು. ನೀರಿನಂಚಿನ ವಿವರಗಳಲ್ಲಿ ಆ ನಕ್ಷೆ ಎಷ್ಟು ನಿಖರವಾಗಿತ್ತೆಂದರೆ ಬಹುಕಾಲ ನಾವಿಕರು ಅದನ್ನೇ ಬಳಸಿದರು. ಆದರೆ ದೋಣಿಯಲ್ಲಿ ಕುಳಿತವನಿಗೆ ಕಾಣುವುದು ದಡದ ಹಿಂದೆ ಎದ್ದು ನಿಂತ ಮೊದಲ ಶಿಖರಗಳು ಮಾತ್ರ. ಅವುಗಳ ಹಿಂದೇನಿದೆ ಎಂದು ಆತನಿಗೆ ತಿಳಿಯುವ ಉಪಾಯವಿರಲಿಲ್ಲ. 1798ರಲ್ಲಿ ಅಚ್ಚಾದ ನಕ್ಷೆಯಲ್ಲಿ ತೀರದುದ್ದಕ್ಕೂ ಜಡೆ ಹೆಣೆದಂತೆ ಒಂದು ಅಚ್ಚುಕಟ್ಟಾದ ಬೆಟ್ಟಸಾಲು ಮೂಡಿತ್ತು. ಸಂಧಾನಕಾರರು ಅದರ ನೆತ್ತಿಯ ಮೇಲೆ ಗಡಿಯನ್ನು ಕೂರಿಸಿದರು.

ನಿಜಸ್ಥಿತಿ ಬೇರೆಯೇ ಆಗಿತ್ತು. ಅಲ್ಲಿರುವುದು ನಮ್ಮ ಸಹ್ಯಾದ್ರಿಯಂತೆ ಒಂದು ಸಾಲಲ್ಲ. ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿದ, ಹಿಮನದಿಗಳು ಅಡ್ಡಾದಿಡ್ಡಿ ಕೊರೆದ ಶಿಖರಗಳ ಸಮುದ್ರ. ನಡುವೆ ಹಿಮನದಿಗಳೇ ಕೊರೆದಿಟ್ಟ ಆಳವಾದ ಫಿಯಾರ್ಡ್‌ಗಳು. ಇವುಗಳಲ್ಲಿ ಲಿನ್ ಕೆನಾಲ್ ಎಂಬುದು ಸುಮಾರು 140 ಕಿ.ಮೀ. ಉದ್ದ ಒಳನುಗ್ಗಿದೆ. ಹೆಸರಿಗೆ ಕಾಲುವೆಯಾದರೂ ಮನುಷ್ಯರು ತೋಡಿದ್ದಲ್ಲ. ಕೆಲವೆಡೆ ಅದರ ಆಳ 600 ಮೀಟರನ್ನು ಮೀರುತ್ತದೆ.

ಇಡೀ ವಿವಾದವನ್ನು ಈ ಒಂದು ಖಾರಿಯಲ್ಲಿ ನೋಡಬಹುದು. 55 ಕಿ.ಮೀ. ದೂರವನ್ನು ಅಳೆಯಬೇಕಾದದ್ದು ಎಲ್ಲಿಂದ? ತೆರೆದ ಸಾಗರದ ಅಂಚಿನಿಂದಲೋ ಉಪ್ಪುನೀರು ತಲಪುವ ಕಟ್ಟಕಡೆಯ ತುದಿಯಿಂದಲೋ? ಮೊದಲನೆಯದಾದರೆ ಗಡಿ ಲಿನ್ ಕೆನಾಲನ್ನು ಅಡ್ಡ ಕತ್ತರಿಸಿ ಹಾದು, ಅದರ ತಲೆಯ ಭಾಗ ಕೆನಡಕ್ಕೆ ಸೇರುತ್ತದೆ. ಎರಡನೆಯದಾದರೆ ಗಡಿ ಖಾರಿಯ ತಲೆಯನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ, ಕೆನಡಕ್ಕೆ ಒಂದು ಹನಿ ಉಪ್ಪುನೀರೂ ಸಿಗುವುದಿಲ್ಲ. ಒಪ್ಪಂದದಲ್ಲಿ ‘ಕರಾವಳಿ’ ಮತ್ತು ‘ಸಾಗರ’ ಎಂಬ ಎರಡು ಪದಗಳಿಗೂ ವ್ಯಾಖ್ಯೆಯೇ ಇರಲಿಲ್ಲ. ‘ಅಂಕುಡೊಂಕುಗಳಿಗೆ ಸಮಾಂತರ’ ಎಂಬ ಮಾತಂತೂ ಗಣಿತದ ವಿದ್ಯಾರ್ಥಿಗೆ ನಗು ತರಿಸಬೇಕು. ಅಂಕುಡೊಂಕಾದ ತೀರದ ಉದ್ದವೇ ನಾವು ಬಳಸುವ ಅಳತೆಗೋಲಿನ ಉದ್ದವನ್ನು ಅವಲಂಬಿಸುತ್ತದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ದೇಶದೇಶಗಳ ಗಡಿಯ ಉದ್ದವನ್ನು ಅಧ್ಯಯನ ಮಾಡುತ್ತ ಕಂಡುಕೊಂಡ ಈ ಸಂಗತಿಯನ್ನೇ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿಯನ್ನು ಕುರಿತ ಲೇಖನದಲ್ಲಿ ಬೆಳೆಸಿದರು.

ಅಳೆಯಲು ಒಲ್ಲದ ಸರ್ಕಾರಗಳು

1839ರಲ್ಲಿ ಬ್ರಿಟನ್ನಿನ ಹಡ್ಸನ್ಸ್ ಬೇ ಕಂಪನಿ ಈ ಕರಾವಳಿ ಪಟ್ಟಿಯನ್ನು ರಷ್ಯನ್ ಕಂಪನಿಯಿಂದ ಗೇಣಿಗೆ ಪಡೆಯಿತು. ಗೇಣಿ ವರ್ಷಕ್ಕೆ 2,000 ನೀರುನಾಯಿ ಚರ್ಮ. ತನ್ನದೇ ನೆಲಕ್ಕೆ ಯಾರೂ ಗೇಣಿ ಕೊಡುವುದಿಲ್ಲವಷ್ಟೆ. ಈ ವ್ಯವಹಾರ ಮುಂದೆ ಅಮೆರಿಕದ ವಕೀಲರ ಕೈಗೆ ಒಳ್ಳೆಯ ಅಸ್ತ್ರವಾಯಿತು. 1867ರಲ್ಲಿ ರಷ್ಯ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು. ಮಾರಾಟದ ಒಪ್ಪಂದದಲ್ಲಿ ಗಡಿಯ ವಿವರಣೆಯನ್ನು 1825ರದ್ದರಿಂದ ಹಾಗೆಯೇ ಎತ್ತಿ ಬರೆಯಲಾಯಿತು. 1871ರಲ್ಲಿ ಬ್ರಿಟಿಷ್ ಕೊಲಂಬಿಯ ಕೆನಡ ಒಕ್ಕೂಟವನ್ನು ಸೇರಿದ ಮೇಲೆ ಗಡಿ ಅಳೆಯುವ ಮಾತು ಎದ್ದಿತು. ಖರ್ಚಿನ ಅಂದಾಜು ಕಂಡ ಅಮೆರಿಕದ ಸಂಸತ್ತು ಹಿಂದೆಗೆಯಿತು. ಯಾರಿಗೂ ಬೇಡದ ಬೆಟ್ಟಗಳನ್ನು ಅಳೆಯಲು ಹಣವೇಕೆ ಎಂಬುದು ಆಗಿನ ಧೋರಣೆ.

ಆ ಬೆಟ್ಟಗಳು ಯಾರಿಗೂ ಬೇಡದವಾಗಿರಲಿಲ್ಲ. ಲಿನ್ ಕೆನಾಲಿನ ತಲೆಯಲ್ಲಿ ವಾಸಿಸುತ್ತಿದ್ದ ಟ್ಲಿಂಗಿಟ್ ಜನ ತಲೆಮಾರುಗಳಿಂದ ಕಣಿವೆ ಹಾದಿಗಳನ್ನು ಹಿಡಿತದಲ್ಲಿಟ್ಟುಕೊಂಡು ಒಳನಾಡಿನೊಡನೆ ವ್ಯಾಪಾರ ನಡೆಸುತ್ತಿದ್ದರು. 1869ರ ಆಗಸ್ಟ್ 7ರ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಅಮೆರಿಕದ ಕರಾವಳಿ ಸರ್ವೇಕ್ಷಣಾ ಇಲಾಖೆಯ ಜಾರ್ಜ್ ಡೇವಿಡ್‌ಸನ್ ಅವರ ಕ್ಲಕ್ವಾನ್ ಹಳ್ಳಿಗೆ ಬಂದ. ಗ್ರಹಣದ ನಂತರ ಅಲ್ಲಿನ ಮುಖಂಡ ಕೋಕ್ಲಕ್ಸ್ ತನ್ನ ಇಬ್ಬರು ಹೆಂಡಂದಿರೊಡನೆ ಎರಡು ಮೂರು ದಿನ ಕುಳಿತು, ಕರಾವಳಿಯಿಂದ ಯೂಕಾನ್ ನದಿಯವರೆಗಿನ ಹಾದಿಯನ್ನು ನದಿ, ಸರೋವರ, ಕಣಿವೆ ಸಮೇತ ಕಾಗದದ ಮೇಲೆ ಬರೆದುಕೊಟ್ಟ. ವ್ಯಾಂಕೂವರ್ ಕಾಣದೆ ಹೋದ ಬೆಟ್ಟಗಳ ಹಿಂಬದಿ, ಬೇಕೆಂದು ಕೇಳಿದ್ದರೆ ತಿಳಿಯುತ್ತಿತ್ತು ಎಂಬುದಕ್ಕೆ ಈ ನಕ್ಷೆ ಸಾಕ್ಷಿ. ಮುಂದಿನ ಯಾವ ಸಂಧಾನದಲ್ಲೂ ಈ ಜನರಿಗೆ ಕುರ್ಚಿ ಹಾಕಲಿಲ್ಲ.

1888ರಲ್ಲಿ ಎರಡು ದೇಶಗಳ ಇಬ್ಬರು ವಿಜ್ಞಾನಿಗಳು ವಾಷಿಂಗ್ಟನ್ನಿನಲ್ಲಿ ಕುಳಿತು ಅನೌಪಚಾರಿಕವಾಗಿ ಚರ್ಚಿಸಿದರು. ಕೆನಡದ ಕಡೆಯಿಂದ ಭೂವಿಜ್ಞಾನಿ ಜಾರ್ಜ್ ಡಾಸನ್, ಅಮೆರಿಕದ ಕಡೆಯಿಂದ ನಿಸರ್ಗವಿಜ್ಞಾನಿ ವಿಲಿಯಂ ಡಾಲ್. ವ್ಯಾಂಕೂವರ್ ನಕ್ಷೆಯ ಬೆಟ್ಟಸಾಲು ನೆಲದ ಮೇಲಿಲ್ಲ, ಆದ್ದರಿಂದ 10 ಲೀಗಿನ ನಿಯಮವನ್ನೇ ಅನ್ವಯಿಸಬೇಕು ಎಂದು ಡಾಲ್ ವಾದಿಸಿದ. ತೀರಕ್ಕೆ ಹತ್ತಿರದ ಶಿಖರಗಳನ್ನೇ ಹಿಡಿದು ಖಾರಿಗಳನ್ನು ಅಡ್ಡ ಹಾಯುವ ರೇಖೆ ಎಳೆಯಬೇಕು ಎಂದ ಡಾಸನ್. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ಆ ನಾಡು ಗೊತ್ತು. ಆದರೂ ಇಬ್ಬರ ವಿಜ್ಞಾನವೂ ತಂತಮ್ಮ ಸರ್ಕಾರಕ್ಕೆ ಅನುಕೂಲವಾದ ಕಡೆಗೇ ವಾಲಿದ್ದು ಸೋಜಿಗವೇ.

ಕೊನೆಗೆ 1892ರಲ್ಲಿ ಜಂಟಿ ಸರ್ವೇಕ್ಷಣೆಗೆ ಒಪ್ಪಂದವಾಗಿ, 1893ರಿಂದ 1895ರವರೆಗೆ ಕೆಲಸ ನಡೆಯಿತು. ಇಲ್ಲಿ ಕೆನಡದ ತಂಡ ಬಳಸಿದ ವಿಧಾನ ಸ್ವಾರಸ್ಯಕರ. ಮಳೆ ಮೋಡಗಳ ಆ ತೀರದಲ್ಲಿ ಶಿಖರಗಳು ಕಾಣುವ ದಿನಗಳೇ ಕಡಿಮೆ. ಥಿಯೊಡೊಲೈಟಿನಿಂದ ಒಂದೊಂದೇ ಬಿಂದುವಿಗೆ ಗುರಿಯಿಟ್ಟು ಕೋನ ಅಳೆಯುತ್ತ ಕೂತರೆ ಬೇಸಿಗೆಯೇ ಮುಗಿದುಹೋದೀತು. ಕೆನಡದ ಸರ್ವೇಯರ್ ಜನರಲ್ ಆಗಿದ್ದ ಎದುವಾರ್ ದೆವೀಲ್ ಬೆಳೆಸಿದ ಛಾಯಾಚಿತ್ರ ಭೂಮಾಪನ ಇಲ್ಲಿ ನೆರವಿಗೆ ಬಂತು. ಸ್ಥಾನ ಗೊತ್ತಿರುವ ಒಂದು ಎತ್ತರದ ಜಾಗದಲ್ಲಿ ಕ್ಯಾಮರಾವನ್ನು ಸಮತಟ್ಟಾಗಿ ನಿಲ್ಲಿಸಿ ಸುತ್ತಲ ನೋಟದ ಚಿತ್ರಗಳನ್ನು ತೆಗೆಯಬೇಕು. ಚಿತ್ರದ ನಡುಗೆರೆಯಿಂದ ಒಂದು ಶಿಖರದ ಬಿಂಬ ಎಷ್ಟು ಪಕ್ಕಕ್ಕಿದೆಯೋ ಅದನ್ನು ಮಸೂರದ ಸಂಗಮದೂರದಿಂದ ಭಾಗಿಸಿದರೆ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಸಂಗಮದೂರ 150 ಮಿ.ಮೀ., ಬಿಂಬ 40 ಮಿ.ಮೀ. ಪಕ್ಕಕ್ಕಿದೆ ಎಂದುಕೊಳ್ಳಿ. ಟ್ಯಾಂಜೆಂಟ್ 0.267, ಕೋನ ಸುಮಾರು 15 ಡಿಗ್ರಿ. ಅದೇ ಶಿಖರವನ್ನು ಇನ್ನೊಂದು ಗೊತ್ತಾದ ಜಾಗದಿಂದಲೂ ಚಿತ್ರಿಸಿದ್ದರೆ ಎರಡು ದಿಕ್ಕುಗಳು ಛೇದಿಸುವ ಬಿಂದುವೇ ಅದರ ಸ್ಥಾನ. ಬಿಂಬ ಎಷ್ಟು ಮೇಲಿದೆ ಎಂಬುದರಿಂದ ಎತ್ತರವನ್ನೂ ಲೆಕ್ಕ ಹಾಕಬಹುದು. ಬಿಸಿಲು ಬಿದ್ದ ಕೆಲವೇ ಗಂಟೆಗಳಲ್ಲಿ ಚಿತ್ರ ತೆಗೆದುಕೊಂಡು, ನಕ್ಷೆ ಬರೆಯುವ ಕೆಲಸವನ್ನು ಚಳಿಗಾಲದಲ್ಲಿ ಕಚೇರಿಯೊಳಗೆ ಮಾಡಬಹುದಾಗಿತ್ತು. 1895ರ ಕೊನೆಗೆ ಎರಡೂ ಕಡೆಯ ಕಮಿಷನರುಗಳು ವರದಿಗೆ ಸಹಿ ಹಾಕಿದರು. ಮೊದಲ ಬಾರಿಗೆ ನಂಬಬಹುದಾದ ನಕ್ಷೆ ಸಿದ್ಧವಾಯಿತು. ಎಂಟು ತಿಂಗಳೂ ಕಳೆಯುವುದರೊಳಗೆ ಚಿನ್ನ ಸಿಕ್ಕಿತು.

ಚಿನ್ನ ಒಬ್ಬರದು, ಬಾಗಿಲು ಒಬ್ಬರದು

1896ರ ಆಗಸ್ಟಿನಲ್ಲಿ ಕ್ಲಾಂಡೈಕ್ ನದಿಯ ಒಂದು ಉಪನದಿಯಲ್ಲಿ ಚಿನ್ನ ಪತ್ತೆಯಾಯಿತು. ಮರುವರ್ಷ ಜುಲೈಯಲ್ಲಿ ಚಿನ್ನ ಹೊತ್ತ ಎರಡು ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಯಾಟಲ್ ಮುಟ್ಟಿದ್ದೇ ತಡ, ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರು. ತಲಪಿದವರು ಮೂವತ್ತು ನಲವತ್ತು ಸಾವಿರ. ಚಿನ್ನದ ನೆಲ 141ನೆಯ ರೇಖಾಂಶಕ್ಕೆ ಸಾಕಷ್ಟು ಪೂರ್ವದಲ್ಲಿದ್ದುದರಿಂದ ಅದು ಕೆನಡದ್ದು ಎಂಬುದರಲ್ಲಿ ತಕರಾರಿರಲಿಲ್ಲ. ಹೋಗುವ ದಾರಿ ಮಾತ್ರ ಲಿನ್ ಕೆನಾಲಿನ ತಲೆಯಲ್ಲಿದ್ದ ಸ್ಕಾಗ್ವೇ ಮತ್ತು ಡೈಯಿ ಎಂಬ ಊರುಗಳ ಮೂಲಕ, ವೈಟ್ ಪಾಸ್ ಮತ್ತು ಚಿಲ್ಕೂಟ್ ಕಣಿವೆಗಳನ್ನು ಹತ್ತಿ ಇಳಿದು. ಈ ಊರುಗಳು ಅಮೆರಿಕದವರ ಕೈಯಲ್ಲಿದ್ದವು. 1898ರ ಫೆಬ್ರುವರಿಯಲ್ಲಿ ಕೆನಡದ ಆರೋಹಿ ಪೊಲೀಸರು ಎರಡೂ ಕಣಿವೆಗಳ ನೆತ್ತಿಯಲ್ಲಿ ಹಿಮದ ನಡುವೆ ಠಾಣೆ ಹಾಕಿ ಸುಂಕ ವಸೂಲಿಗೆ ತೊಡಗಿದರು. ವರ್ಷಕ್ಕಾಗುವಷ್ಟು ಸಾಮಾನು ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಪೂರ್ತಿ ಹೊರೆ ಹೆಚ್ಚುಕಡಿಮೆ ಒಂದು ಟನ್ ಆಗುತ್ತಿದ್ದುದರಿಂದ ಒಬ್ಬೊಬ್ಬರೂ ಅದೇ ಬೆಟ್ಟವನ್ನು ಹತ್ತಾರು ಬಾರಿ ಹತ್ತಿಳಿಯಬೇಕಾಗುತ್ತಿತ್ತು. ಸಾಮಾನು ಮಾರಿದ ಲಾಭ ಮಾತ್ರ ಸಿಯಾಟಲಿನ ವರ್ತಕರ ಪಾಲಾಗುತ್ತಿತ್ತು.

ಕೆನಡಕ್ಕೆ ತನ್ನದೇ ಬಂದರು ಬೇಕೆನಿಸಿದ್ದು ಸಹಜ. ಮೊದಲು ಸ್ಟಿಕೀನ್ ನದಿಯ ಕಡೆಯಿಂದ ಟೆಸ್ಲಿನ್ ಸರೋವರಕ್ಕೆ ರೈಲು ಹಾಕಿ ಸ್ಕಾಗ್ವೇಯನ್ನು ಬಳಸಿ ಹೋಗುವ ಯೋಜನೆ ಹೊರಟಿತು. ಅದನ್ನು 1898ರ ಮಾರ್ಚಿನಲ್ಲಿ ಕೆನಡದ ಸೆನೆಟ್ಟೇ ತಿರಸ್ಕರಿಸಿತು. ಆಮೇಲೆ ಕಣ್ಣು ಬಿದ್ದದ್ದು ಲಿನ್ ಕೆನಾಲಿನ ಪಶ್ಚಿಮದ ಕವಲಿನಲ್ಲಿರುವ ಪಿರಮಿಡ್ ಹಾರ್ಬರ್ ಎಂಬ ಪುಟ್ಟ ಜಾಗದ ಮೇಲೆ. 1898ರ ಆಗಸ್ಟಿನಲ್ಲಿ ಕ್ವಿಬೆಕ್‌ನಲ್ಲಿ ಸೇರಿ, ಆಮೇಲೆ ವಾಷಿಂಗ್ಟನ್ನಿಗೆ ಹೋದ ಜಂಟಿ ಉನ್ನತ ಆಯೋಗದ ಮುಂದೆ ಕೆನಡದ ಪ್ರಧಾನಿ ವಿಲ್‌ಫ್ರಿಡ್ ಲೊರಿಯೆ ಈ ಬಂದರನ್ನೂ ಅಲ್ಲಿಂದ ಒಳನಾಡಿಗೆ ಒಂದು ಹಾದಿಯನ್ನೂ ಕೇಳಿದರು. ಡೈಯಿ, ಸ್ಕಾಗ್ವೇಗಳಲ್ಲಿ ಅಮೆರಿಕದವರು ನೆಲೆಸಿಬಿಟ್ಟಿದ್ದಾರೆ, ಅವು ಅವರಿಗೇ ಇರಲಿ, ಪಿರಮಿಡ್ ಹಾರ್ಬರ್ ನಮಗಿರಲಿ ಎಂಬುದು ಚೌಕಾಸಿ. ಗೇಣಿಯ ರೂಪದಲ್ಲಿ ಕೊಡಲು ಅಮೆರಿಕದ ಪ್ರತಿನಿಧಿಗಳು ಒಂದು ಹಂತದಲ್ಲಿ ಮನಸ್ಸು ಮಾಡಿದ್ದರು. ಸುದ್ದಿ ಹೊರಬಿದ್ದಿತು. ಪೆಸಿಫಿಕ್ ತೀರದ ವ್ಯಾಪಾರಿಗಳು ಗದ್ದಲವೆಬ್ಬಿಸಿದರು. ಮಾತು ಹಿಂದಕ್ಕೆ ಹೋಯಿತು. ಬ್ರಿಟಿಷ್ ತಂಡದ ನಾಯಕ ಲಾರ್ಡ್ ಹರ್ಷೆಲ್ ವಾಷಿಂಗ್ಟನ್ನಿನ ಹಿಮದ ರಸ್ತೆಯಲ್ಲಿ ಜಾರಿ ಬಿದ್ದು 1899ರ ಮಾರ್ಚ್ 1ರಂದು ತೀರಿಕೊಂಡರು. ಆ ವರ್ಷ ಅಕ್ಟೋಬರಿನಲ್ಲಿ ಕಣಿವೆಗಳ ನೆತ್ತಿಯನ್ನೇ ತಾತ್ಕಾಲಿಕ ಗಡಿಯೆಂದು ಒಪ್ಪಿಕೊಳ್ಳಲಾಯಿತು. ಸ್ಕಾಗ್ವೇಯಿಂದ ವೈಟ್‌ಹಾರ್ಸ್‌ಗೆ 177 ಕಿ.ಮೀ. ನ್ಯಾರೋ ಗೇಜ್ ರೈಲು 1900ರ ಜುಲೈಯಲ್ಲಿ ಪೂರ್ಣವಾಯಿತು. ಚಿನ್ನದ ಭರಾಟೆ ಅಷ್ಟರಲ್ಲಿ ಇಳಿದಿತ್ತು.

ಆರು ಜನ ನ್ಯಾಯಜ್ಞರು

ಕೆನಡಕ್ಕೆ ಆಗ ವಿದೇಶ ವ್ಯವಹಾರದ ಅಧಿಕಾರವಿರಲಿಲ್ಲ. ಅದರ ಪರವಾಗಿ ಸಹಿ ಹಾಕುವುದು ಬ್ರಿಟನ್. ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಸಿಲುಕಿ ಯೂರೋಪಿನಲ್ಲಿ ಒಂಟಿಯಾಗಿದ್ದ ಬ್ರಿಟನ್ನಿಗೆ ಅಮೆರಿಕದ ಸ್ನೇಹ ಬೇಕಾಗಿತ್ತು. 1903ರ ಜನವರಿಯಲ್ಲಿ ಆದ ಒಪ್ಪಂದದಂತೆ ಪ್ರತಿ ಕಡೆಯಿಂದ ಮೂವರಂತೆ ಆರು ಜನ ‘ನಿಷ್ಪಕ್ಷಪಾತ ನ್ಯಾಯಜ್ಞರು’ ತೀರ್ಪು ಕೊಡಬೇಕಿತ್ತು. ರೂಸ್‌ವೆಲ್ಟ್ ನೇಮಿಸಿದವರು ಯುದ್ಧ ಮಂತ್ರಿ ಎಲಿಹು ರೂಟ್, ಸೆನೆಟರ್ ಹೆನ್ರಿ ಕ್ಯಾಬಟ್ ಲಾಜ್ ಮತ್ತು ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಮಾಜಿ ಸೆನೆಟರ್ ಜಾರ್ಜ್ ಟರ್ನರ್. ಇವರ ನಿಷ್ಪಕ್ಷಪಾತದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಬ್ರಿಟಿಷ್ ಕಡೆಯಿಂದ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಲಾರ್ಡ್ ಆಲ್ವರ್‌ಸ್ಟನ್, ಜೊತೆಗೆ ಕೆನಡದ ಲೂಯಿ ಜೆಟೆ ಮತ್ತು ಅಲೆನ್ ಏಲ್ಸ್‌ವರ್ತ್. ಜುಲೈಯಲ್ಲಿ ರೂಸ್‌ವೆಲ್ಟ್, ಇಂಗ್ಲೆಂಡಿಗೆ ಹೋಗಿದ್ದ ನ್ಯಾಯಮೂರ್ತಿ ಹೋಮ್ಸ್‌ಗೆ ಒಂದು ಕಾಗದ ಬರೆದರು. ತೀರ್ಮಾನವಾಗದಿದ್ದರೆ ಗಡಿಯನ್ನು ತಾನೇ ಎಳೆದುಕೊಳ್ಳಲು ಸಂಸತ್ತಿನ ಅನುಮತಿ ಕೇಳುವೆನೆಂಬ ಆ ಮಾತು ಬ್ರಿಟಿಷ್ ಮಂತ್ರಿಗಳ ಕಿವಿಗೆ ಬೀಳಲೆಂದೇ ಬರೆದದ್ದು.

1903ರ ಅಕ್ಟೋಬರ್ 20ರಂದು 4-2ರ ಬಹುಮತದಿಂದ ತೀರ್ಪು ಬಂತು. ಗಡಿ ಖಾರಿಗಳ ತಲೆಯನ್ನು ಬಳಸಿ ಹೋಗಬೇಕು. ಆಲ್ವರ್‌ಸ್ಟನ್ ಅಮೆರಿಕದ ಮೂವರೊಡನೆ ಸೇರಿದ್ದರು. ಇಬ್ಬರು ಕೆನಡಿಯನ್ನರು ಸಹಿ ಹಾಕಲು ನಿರಾಕರಿಸಿದರು.

ನನ್ನ ಅಭಿಪ್ರಾಯದಲ್ಲಿ ಈ ಭಾಗದ ತೀರ್ಪು ಕಾನೂನಿಗೆ ವಿರುದ್ಧವಾದದ್ದಲ್ಲ. ರಷ್ಯನ್ನರಿಗೆ ಗೇಣಿ ಕೊಟ್ಟು, ದಶಕಗಳ ಕಾಲ ಯಾರೂ ಚಕಾರವೆತ್ತದೆ, ಸ್ಕಾಗ್ವೇ ಪಟ್ಟಣವೆದ್ದ ಮೇಲೆ ಹಕ್ಕು ಕೇಳಿದ ಕೆನಡದ ವಾದ ದುರ್ಬಲವಾಗಿಯೇ ಇತ್ತು. ತಕ್ಕಡಿ ವಾಲಿದ್ದು ಇನ್ನೊಂದು ಕಡೆ. ಪೋರ್ಟ್‌ಲೆಂಡ್ ಚಾನೆಲಿನ ಬಾಯಲ್ಲಿ ಪಿಯರ್ಸ್, ವೇಲ್ಸ್, ಸಿಟ್‌ಕ್ಲಾನ್, ಕನ್ನಘೂನಟ್ ಎಂಬ ನಾಲ್ಕು ದ್ವೀಪಗಳಿವೆ. ವ್ಯಾಂಕೂವರ್ ಸಾಗಿದ ದಾರಿಯೇ ಚಾನೆಲ್ ಎಂದಾದರೆ ನಾಲ್ಕೂ ಒಂದೇ ಪಕ್ಕಕ್ಕೆ ಬೀಳಬೇಕು. ಮೊದಲು ನಾಲ್ಕೂ ಕೆನಡದವೆಂದು ಹೇಳಿದ್ದ ಆಲ್ವರ್‌ಸ್ಟನ್ ಕೊನೆಗಳಿಗೆಯಲ್ಲಿ ಎರಡನ್ನು ಕೆನಡಕ್ಕೆ, ಹೊರಗಿನ ಎರಡನ್ನು ಅಮೆರಿಕಕ್ಕೆ ಹಂಚಿದರು. ಈ ಹಂಚಿಕೆಗೆ ಒಪ್ಪಂದದ ಮಾತಿನಲ್ಲಾಗಲಿ ಭೂಗೋಳದಲ್ಲಾಗಲಿ ಆಧಾರ ಕಾಣುವುದಿಲ್ಲ. ದ್ವೀಪಗಳು ಪುಟ್ಟವು, ಆದರೆ ಕೆನಡದ ಹೊಸ ರೈಲುಮಾರ್ಗದ ಕೊನೆಯ ನಿಲ್ದಾಣವೆಂದು ಆಗ ಯೋಚಿಸಿದ್ದ ಪೋರ್ಟ್ ಸಿಂಪ್ಸನ್ ಬಂದರಿನ ಎದುರಿಗಿದ್ದಂಥವು. ಆ ರೈಲು ಮುಂದೆ 1914ರಲ್ಲಿ ದಕ್ಷಿಣದ ಪ್ರಿನ್ಸ್ ರೂಪರ್ಟ್‌ನಲ್ಲಿ ಕಡಲನ್ನು ಮುಟ್ಟಿತು. ಕೆನಡದಲ್ಲಿ ಸಿಟ್ಟು ಅಮೆರಿಕಕ್ಕಿಂತ ಬ್ರಿಟನ್ನಿನ ಮೇಲೇ ಹೆಚ್ಚಾಗಿ ತಿರುಗಿತು. 1909ರಲ್ಲಿ ಕೆನಡ ತನ್ನದೇ ವಿದೇಶ ವ್ಯವಹಾರ ಇಲಾಖೆ ತೆರೆಯಿತು. 1923ರಲ್ಲಿ ಹ್ಯಾಲಿಬಟ್ ಮೀನುಗಾರಿಕೆಯ ಒಪ್ಪಂದಕ್ಕೆ ಅಮೆರಿಕದೊಡನೆ ತಾನೊಂದೇ ಸಹಿ ಹಾಕಿತು.

ಬೆಟ್ಟಗಳ ಪಾಡೇನಾಯಿತು? ಸಾಲು ಇಲ್ಲದ ಕಡೆ ಸಾಲನ್ನು ಹುಡುಕುವ ಬದಲು, ನ್ಯಾಯಮಂಡಳಿ ಸರ್ವೇಕ್ಷಣಾ ನಕ್ಷೆಗಳಲ್ಲಿ ಒಂದೊಂದೇ ಶಿಖರವನ್ನು ಆರಿಸಿ ಗುರುತು ಹಾಕಿ, ಬಿಂದುವಿನಿಂದ ಬಿಂದುವಿಗೆ ಗಡಿ ಎಳೆಯಿತು. ಇದರಿಂದ ಬಂದ ಪಟ್ಟಿ ಅಮೆರಿಕ ಕೇಳಿದ್ದಕ್ಕಿಂತ ಕಿರಿದು. ನಡುವೆ ಒಂದು ಉದ್ದನೆಯ ಭಾಗದಲ್ಲಿ ಸರ್ವೇಕ್ಷಣೆ ಸಾಲದೆಂದು ತೀರ್ಪನ್ನೇ ಕೊಡಲಿಲ್ಲ. ಆ ಖಾಲಿ ಜಾಗವನ್ನು ತುಂಬಿದವರು ರಾಜತಂತ್ರಜ್ಞರಲ್ಲ. ಕೆನಡದ ಮುಖ್ಯ ಖಗೋಳಜ್ಞ ಡಬ್ಲ್ಯು. ಎಫ್. ಕಿಂಗ್ ಮತ್ತು ಅಮೆರಿಕದ ಸರ್ವೇಕ್ಷಣಾ ಇಲಾಖೆಯ ಒ. ಎಚ್. ಟಿಟ್‌ಮನ್ ಇಬ್ಬರೇ ಕುಳಿತು ಸೂಚಿಸಿದ ರೇಖೆಯನ್ನು ಎರಡೂ ಸರ್ಕಾರಗಳು 1905ರಲ್ಲಿ ಸದ್ದಿಲ್ಲದೆ ಒಪ್ಪಿಕೊಂಡವು. ಮುಂದಿನ ವರ್ಷಗಳಲ್ಲಿ ಭೂಮಾಪಕರು ಹಿಮನದಿಗಳನ್ನು ದಾಟಿ ಶಿಖರ ಶಿಖರಕ್ಕೂ ಸಂಖ್ಯೆ ಕೊಟ್ಟರು. 4,671 ಮೀಟರ್ ಎತ್ತರದ ಫೇರ್‌ವೆದರ್ ಪರ್ವತ ಗಡಿಶಿಖರ 164 ಆಯಿತು. ದಕ್ಷಿಣ ತುದಿಯ ಡಿಕ್ಸನ್ ಪ್ರವೇಶದ ಕಡಲಿನಲ್ಲಿ ಗಡಿ ಎಲ್ಲಿ ಎಂಬ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಉಳಿದಿದೆ.

ಇದಕ್ಕೊಂದು ಬಾಲಂಗೋಚಿಯಿದೆ. 1794ರಲ್ಲಿ ವ್ಯಾಂಕೂವರನ ದೋಣಿಗಳು ಲಿನ್ ಕೆನಾಲಿನ ಪಕ್ಕದ ಗ್ಲೇಸಿಯರ್ ಬೇ ಬಳಿ ಬಂದಾಗ ಆ ಕೊಲ್ಲಿ ಹೆಚ್ಚುಕಡಿಮೆ ಪೂರ್ತಿ ಹಿಮನದಿಯಿಂದ ತುಂಬಿತ್ತು. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಅಲ್ಲಿಗೆ ಹೋಗುವಷ್ಟರಲ್ಲಿ ಹಿಮ ಹತ್ತಾರು ಮೈಲಿ ಹಿಂದೆ ಸರಿದು ಕಡಲು ಒಳನುಗ್ಗಿತ್ತು. ‘ಅಂಕುಡೊಂಕುಗಳಿಗೆ ಸಮಾಂತರ’ವೆಂದು ಗಡಿ ಹೇಳಿದ್ದ ಕರಾವಳಿಯೇ ಹೀಗೆ ಜಾಗ ಬದಲಿಸುತ್ತಿತ್ತು. ತೀರ್ಪಿನ ನಂತರವೂ ಕರಗುವಿಕೆ ಮುಂದುವರಿದು, 1920ರ ದಶಕದ ನಡುವಿಗೆ ಗ್ರ್ಯಾಂಡ್ ಪೆಸಿಫಿಕ್ ಹಿಮನದಿಯ ಮೂತಿ ಗಡಿಯನ್ನು ದಾಟಿ ಸುಮಾರು ಒಂದು ಮೈಲಿ ಕೆನಡದೊಳಕ್ಕೆ ಸರಿಯಿತು. ಆರು ಜನ ನ್ಯಾಯಜ್ಞರು ಕೊಡದ ಉಪ್ಪುನೀರು ಕೆನಡದ ನೆಲಕ್ಕೆ ತಾನಾಗಿ ಬಂತು. ಅಲ್ಲಿ ಬಂದರು ಕಟ್ಟುವ ಮಾತೂ ಕೇಳಿಬಂತು. ಆದರೆ ಹಿಮನದಿ ಮತ್ತೆ ಮುಂದೆ ಹರಿದು 1948ರ ಹೊತ್ತಿಗೆ ಗಡಿಯನ್ನು ದಾಟಿ ಅಮೆರಿಕದೊಳಕ್ಕೆ ಬಂದುಬಿಟ್ಟಿತ್ತು. ಯೂಕಾನಿನ ಗಣಿಗಳ ಅದಿರು 20ನೆಯ ಶತಮಾನದುದ್ದಕ್ಕೂ ಹಡಗೇರಿದ್ದು ಸ್ಕಾಗ್ವೇಯಲ್ಲಿ.